ಹಾರುವ ಹಕ್ಕಿಗೆ ಎಂಥ ಬೈನಾಕ್ಯುಲರ್ ಬೇಕು?

ದೊಡ್ಡ ನಂಬರು ನೋಡಿ ಮರುಳಾಗಬೇಡಿ. ನಿಮ್ಮ ಕಣ್ಣಿಗೆ, ನಿಮ್ಮ ಕೈಗೆ ಹೊಂದುವುದನ್ನು ಆರಿಸಿಕೊಳ್ಳಿ. ಕೊಕ್ಕರೆ ಬೆಳ್ಳೂರಿಗೆ ಹೊರಡುವ ಮುನ್ನ ಒಮ್ಮೆ ಓದಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗೋದು ಅಂದ್ರೆ ನಮಗೆಲ್ಲ ಏನು ನೆನಪಾಗುತ್ತೆ ಹೇಳಿ? ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರು ವಡೆ. ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ ನಿಡಘಟ್ಟ ಅಂತ ಒಂದು ಊರಿದೆ. 2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯನ್ನು ಬೆಂಗಳೂರು-ನಿಡಘಟ್ಟ, ನಿಡಘಟ್ಟ-ಮೈಸೂರು ಎಂದು ಎರಡು ಭಾಗ ಮಾಡಿ ಕಟ್ಟಿದ್ದರಿಂದ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಊರನ್ನು ನೋಡಿದವರು ಕಡಿಮೆ. ಕಾರು ಮೇಲಿನಿಂದಲೇ ಭರ್ರನೆ ಹೋಗಿಬಿಡುತ್ತಲ್ಲ!

ಇನ್ನು ಮುಂದೆ ಹಾಗೆ ಹೋಗಬೇಡಿ. ನಿಡಘಟ್ಟದ ಬಳಿ ಸರ್ವಿಸ್ ರಸ್ತೆಗೆ ಇಳಿದು, ಸ್ವಲ್ಪ ಮುಂದೆ ರುದ್ರಾಕ್ಷಿಪುರದಲ್ಲಿ ತಿರುಗಿ, ಸುಮಾರು 12 ಕಿ.ಮೀ. ಒಳಗೆ ಹೋದರೆ ಕೊಕ್ಕರೆ ಬೆಳ್ಳೂರು ಸಿಗುತ್ತೆ. ಅಲ್ಲಿಗೆ ಹೋಗುವಾಗ ಒಂದು ಒಳ್ಳೆಯ ಬೈನಾಕ್ಯುಲರ್ ಜೊತೆಗಿದ್ದರೆ ಆ ದಿನದ ಸೊಗಸೇ ಬೇರೆ. “ಅಯ್ಯೋ, ನಮಗ್ಯಾಕ್ರೀ ಬೈನಾಕ್ಯುಲರ್? ಅದೆಲ್ಲ ಗಂಡಸರ ಶೋಕಿ” ಅಂತೀರಾ? ಆ ಮಾತಿಗೇ ಈ ಲೇಖನ.

ತವರಿಗೆ ಬಂದ ಹಕ್ಕಿಗಳು

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನ ಒಂದು ಸಾಧಾರಣ ಹಳ್ಳಿ. ಹತ್ತಿರದಲ್ಲೇ ಶಿಂಷಾ ನದಿ. ಬೇಲಿ ಹಾಕಿದ ಪಕ್ಷಿಧಾಮ ಅಂದುಕೊಂಡು ಹೋದರೆ ಅಚ್ಚರಿಯಾಗುತ್ತೆ. ಮನೆ ಮುಂದಿನ ಹುಣಸೆ ಮರ, ಹಿತ್ತಿಲ ಜಾಲಿ ಮರ, ಬೀದಿಯ ಅರಳಿ ಮರ, ಇವೇ ಹಕ್ಕಿಗಳ ಮನೆ. ಮೇಲೆ ಹೆಜ್ಜಾರ್ಲೆ ಮರಿಗೆ ಮೀನು ಕೊಡುತ್ತಿರುತ್ತೆ, ಕೆಳಗೆ ಅಜ್ಜಿ ರಾಗಿ ಹಸನು ಮಾಡುತ್ತಿರುತ್ತಾರೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಇಲ್ಲಿನ ಮುಖ್ಯ ಅತಿಥಿಗಳು. ಚಳಿಗಾಲದಲ್ಲಿ ಬರತೊಡಗಿ, ಗೂಡು ಕಟ್ಟಿ, ಮರಿ ಬೆಳೆಸಿ, ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಟುಹೋಗುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ ನೋಡಲು ಒಳ್ಳೆಯ ಕಾಲ.

ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನೋದು ಊರವರ ಮಾತು. ಬರೀ ಮಾತಲ್ಲ, ಹಾಗೇ ನಡೆದುಕೊಂಡಿದ್ದಾರೆ. ಹುಣಸೆ ಫಸಲು ಹಾಳಾದರೂ ಹಲವರು ಮರ ಕಡಿದಿಲ್ಲ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ 1853ರಲ್ಲೇ ಇಲ್ಲಿನ ಹಕ್ಕಿಗಳ ಬಗ್ಗೆ ಬರೆದಿದ್ದ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಮತ್ತೆ ಹೊರಜಗತ್ತಿಗೆ ತಿಳಿಸಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನ ಯುವಕರೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

“ನನಗೇನೂ ಕಾಣಿಸ್ತಿಲ್ಲ”

ಹಕ್ಕಿ ನೋಡಲು ಹೋದ ಕುಟುಂಬಗಳಲ್ಲಿ ಸಾಮಾನ್ಯವಾಗಿ ನಡೆಯೋದು ಹೀಗೆ. ಬೈನಾಕ್ಯುಲರ್ ಮೊದಲು ಯಜಮಾನರ ಕೈಯಲ್ಲಿ, ಆಮೇಲೆ ಮಗನ ಕೈಯಲ್ಲಿ, ಆಮೇಲೆ ಮಗಳ ಕೈಯಲ್ಲಿ. ತಿಂಡಿ ಡಬ್ಬಿ, ನೀರಿನ ಬಾಟ್ಲು ಸಂಭಾಳಿಸುತ್ತಿದ್ದ ಅಮ್ಮನಿಗೆ ಕೊನೆಗೆ ಒಂದು ನಿಮಿಷ. ಅಷ್ಟರಲ್ಲಿ ಕೊಕ್ಕರೆ ಹಾರಿರುತ್ತೆ. ಅವರು ಕಣ್ಣಿಗಿಟ್ಟು ನೋಡಿದರೆ ಕಪ್ಪು ಕಪ್ಪು, ಎರಡೆರಡು, ಮಸುಕು. “ನನಗೇನೂ ಕಾಣಿಸ್ತಿಲ್ಲ, ನನ್ನ ಕಣ್ಣೇ ಸರಿಯಿಲ್ಲ, ನೀವೇ ನೋಡಿ” ಎಂದು ವಾಪಸ್ ಕೊಟ್ಟುಬಿಡುತ್ತಾರೆ.

ಕಣ್ಣು ಸರಿಯಾಗೇ ಇರುತ್ತೆ! ಬೈನಾಕ್ಯುಲರ್ ಅವರಿಗೆ ಹೊಂದಿಸಿರುವುದಿಲ್ಲ, ಅಷ್ಟೆ. ಗಂಡನ ಚಪ್ಪಲಿ ಹಾಕಿಕೊಂಡು ‘ನನ್ನ ಕಾಲೇ ಸರಿಯಿಲ್ಲ’ ಅನ್ನುತ್ತೇವೆಯೇ? ಎರಡು ಕಣ್ಣಿನ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು. ಎಡಗಣ್ಣು-ಬಲಗಣ್ಣಿನ ದೃಷ್ಟಿಯಲ್ಲೂ ವ್ಯತ್ಯಾಸ. ಕೂತ ಹಕ್ಕಿಯಾದರೆ ಹೇಗೋ ತಡಕಾಡಿ ಹಿಡಿಯಬಹುದು. ಹಾರುವ ಹಕ್ಕಿ ಕಾಯೋದಿಲ್ಲ. ಹಾಗಾಗಿ ಕೊಳ್ಳುವಾಗಲೇ ನಿಮ್ಮ ಅಳತೆಗೆ ಕೊಳ್ಳಿ. ಮನೆಗೆ ಒಂದೇ ಆದರೂ ಪರವಾಗಿಲ್ಲ, ಅಂಗಡಿಗೆ ನೀವೂ ಹೋಗಿ, ನಿಮ್ಮ ಕಣ್ಣಿಗಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.

ಪೆಟ್ಟಿಗೆ ಮೇಲಿನ ಎರಡು ಅಂಕಿ

ಪ್ರತಿ ಬೈನಾಕ್ಯುಲರ್ ಮೇಲೂ 8×42, 10×50, 10×25 ಎಂದು ಏನೋ ಒಂದು ಬರೆದಿರುತ್ತೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನೋದು. 8 ಅಂದರೆ, 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿದ್ದಂತೆ ಕಾಣುತ್ತೆ. ಎರಡನೆಯ ಅಂಕಿ ಮುಂದಿನ ದೊಡ್ಡ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು, “ಮೇಡಂ, ಇದು ತಗೊಳ್ಳಿ, ಜಾಸ್ತಿ ಹತ್ತಿರ ತೋರಿಸುತ್ತೆ.” ಇಲ್ಲೇ ನಾವು ಬೀಳೋದು! ಹಕ್ಕಿ ಎಷ್ಟು ಪಟ್ಟು ದೊಡ್ಡದಾಗುತ್ತೋ ನಿಮ್ಮ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತೆ. 12 ಪಟ್ಟು, 16 ಪಟ್ಟಿನದು ಹಿಡಿದರೆ ಹಕ್ಕಿ ಕುಣಿದಾಡಿದಂತೆ ಕಂಡು ತಲೆ ತಿರುಗುತ್ತೆ. ಅದನ್ನು ಸ್ಟ್ಯಾಂಡಿಗೆ ಹಾಕಿ ಕೂತ ಹಕ್ಕಿಯನ್ನೋ ಚಂದ್ರನನ್ನೋ ನೋಡಬಹುದೇ ಹೊರತು ಹಾರುವುದನ್ನು ಹಿಂಬಾಲಿಸಲು ಆಗದು. ಕೈಯಲ್ಲಿ ಹಿಡಿದು ನೋಡಲು 7 ಅಥವಾ 8 ಪಟ್ಟು ಸುಖ. ಹೆಚ್ಚೆಂದರೆ 10.

ಹಾರುವ ಹಕ್ಕಿಗೆ ಬೇಕಾದದ್ದು ಅಗಲ

ಪೆಟ್ಟಿಗೆ ಮೇಲೆ ಮೂರನೆಯ ಒಂದು ಅಂಕಿ ಇರುತ್ತೆ, ಅದನ್ನು ಯಾರೂ ಓದುವುದೇ ಇಲ್ಲ. ನೋಟದ ಅಗಲ. ಕೆಲವರು ಡಿಗ್ರಿಯಲ್ಲಿ ಬರೆಯುತ್ತಾರೆ, ಕೆಲವರು ‘1000 ಮೀಟರಿಗೆ 140 ಮೀಟರ್’ ಎಂದೋ ‘1000 ಗಜಕ್ಕೆ 420 ಅಡಿ’ ಎಂದೋ ಬರೆಯುತ್ತಾರೆ. ಮೂರೂ ಒಂದೇ, 8 ಡಿಗ್ರಿ ಅಂದರೆ ಅಷ್ಟೇ.

ಇದನ್ನು ಕಿಟಕಿ ಅಂದುಕೊಳ್ಳಿ. ಬಚ್ಚಲ ಮನೆಯ ಪುಟ್ಟ ಕಿಂಡಿಯಿಂದ ಬೀದಿ ನೋಡಿದರೆ ಹೋಗುವ ಸ್ಕೂಟರ್ ಮಿಂಚಿ ಮಾಯವಾಗುತ್ತೆ. ಹಾಲಿನ ದೊಡ್ಡ ಕಿಟಕಿಯಿಂದ ನೋಡಿದರೆ ಯಾರು ಬಂದರು, ಯಾರು ಹೋದರು ಎಲ್ಲ ತಿಳಿಯುತ್ತೆ. ಹಾರುವ ಹಕ್ಕಿಗೆ ಬೇಕಾದದ್ದು ಈ ಹಾಲಿನ ಕಿಟಕಿ.

ಲೆಕ್ಕ ಹಾಕಿ ನೋಡೋಣ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಎರಡೂವರೆ ಮೀಟರ್. ಬೆಳ್ಳೂರಿನಲ್ಲಿ ಅದು ಮರದ ನೆತ್ತಿಯ ಎತ್ತರದಲ್ಲಿ, ನಿಮ್ಮಿಂದ 40 ಮೀಟರ್ ದೂರದಲ್ಲಿ ಹಾದುಹೋಯಿತು ಅನ್ನಿ. 8 ಡಿಗ್ರಿಯ ಬೈನಾಕ್ಯುಲರಿನಲ್ಲಿ ಆ ದೂರಕ್ಕೆ ಸುಮಾರು ಐದೂವರೆ ಮೀಟರ್ ಜಾಗ ಕಾಣುತ್ತೆ, ಎರಡು ಹೆಜ್ಜಾರ್ಲೆ ಅಕ್ಕಪಕ್ಕ ಹಿಡಿಯುವಷ್ಟು. 5 ಡಿಗ್ರಿಯದಾದರೆ ಮೂರೂವರೆ ಮೀಟರ್ ಮಾತ್ರ. ಹಕ್ಕಿ ಸ್ವಲ್ಪ ಅತ್ತಿತ್ತ ಆದರೂ ನಿಮಗೆ ಬರೀ ಆಕಾಶ! ಜೇಬಿನಲ್ಲಿ ಹಿಡಿಯುವ 10×25ಗಳ ನೋಟ ಸಾಮಾನ್ಯವಾಗಿ 5 ಡಿಗ್ರಿಯ ಆಸುಪಾಸು. 8×42ಗಳದು 7ರಿಂದ 8. ಪಟ್ಟು ಹೆಚ್ಚಿದಷ್ಟೂ ಕಿಟಕಿ ಕಿರಿದಾಗುತ್ತೆ ಅನ್ನೋದು ನೆನಪಿರಲಿ. 7 ಡಿಗ್ರಿಗಿಂತ ಕಡಿಮೆ ಇರುವುದನ್ನು ಹಾರುವ ಹಕ್ಕಿಗಾಗಿ ಕೊಳ್ಳಬೇಡಿ.

8 ಪಟ್ಟಿಗೆ ಇನ್ನೊಂದು ಅನುಕೂಲವಿದೆ. ಹಕ್ಕಿ ನಿಮ್ಮತ್ತ ಹಾರಿಬರುವಾಗ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತೆ. ಕಡಿಮೆ ಪಟ್ಟಿನದರಲ್ಲಿ ಹೆಚ್ಚು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತೆ, ಫೋಕಸ್ ಚಕ್ರವನ್ನು ಪದೇಪದೇ ತಿರುಗಿಸಬೇಕಿಲ್ಲ.

ಹಾಗಾದರೆ 10 ಪಟ್ಟು ಯಾರಿಗೆ? ಬಂಡೆ, ಬೆಟ್ಟ, ದೊಡ್ಡ ಕೆರೆ ಇರುವ ಕಡೆ ದೂರದಿಂದ ನೋಡುವವರಿಗೆ. ಇದೇ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟವಿದೆ. 2012ರಲ್ಲಿ ರಣಹದ್ದುಗಳ ಧಾಮ ಎಂದು ಘೋಷಣೆಯಾದ ಜಾಗ. ಅಲ್ಲಿ ಬಂಡೆಯ ನೆತ್ತಿಯಲ್ಲಿ ನಿಧಾನವಾಗಿ ಸುತ್ತುವ ಹದ್ದುಗಳಿಗೆ 10 ಪಟ್ಟು ಉಪಯೋಗಕ್ಕೆ ಬರುತ್ತೆ. ಬೆಳ್ಳೂರು, ರಂಗನತಿಟ್ಟಿನಂಥ ಕಡೆ ಹಕ್ಕಿ ಹತ್ತಿರವೇ ಇರುವಾಗ 8 ಧಾರಾಳ ಸಾಕು.

ಬೆಳಕಿನ ಲೆಕ್ಕ

ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 42ನ್ನು 8ರಿಂದ ಭಾಗಿಸಿದರೆ 5.25. 25ನ್ನು 10ರಿಂದ ಭಾಗಿಸಿದರೆ 2.5. ಇದು ನಿಮ್ಮ ಕಣ್ಣಿಗೆ ಬಂದು ತಲುಪುವ ಬೆಳಕಿನ ಉಂಗುರದ ಅಗಲ, ಮಿ.ಮೀ.ನಲ್ಲಿ. ಬೈನಾಕ್ಯುಲರನ್ನು ಒಂದು ಅಡಿ ದೂರ ಹಿಡಿದು ಬೆಳಕಿನತ್ತ ತಿರುಗಿಸಿದರೆ ಹಿಂದಿನ ಗಾಜಿನಲ್ಲಿ ಪುಟ್ಟ ಬಿಳಿ ಚುಕ್ಕೆ ಕಾಣುತ್ತಲ್ಲ, ಅದೇ ಇದು.

ಚುಕ್ಕೆ ದೊಡ್ಡದಿದ್ದರೆ ಎರಡು ಲಾಭ. ಮುಂಜಾನೆ, ಮುಸ್ಸಂಜೆಯಲ್ಲೂ ಚಿತ್ರ ಬೆಳಗಿರುತ್ತೆ. ಹಕ್ಕಿಯ ಹಿಂದೆ ಕೈ ತಿರುಗಿಸುವಾಗ ಕಣ್ಣು ಸ್ವಲ್ಪ ಅಲುಗಿದರೂ ಕಪ್ಪಾಗುವುದಿಲ್ಲ. ಚಿಕ್ಕ ಚುಕ್ಕೆಯದರಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದರೂ ಕಪ್ಪು ಪರದೆ ಬಿದ್ದಂತಾಗುತ್ತೆ. ಈ ಉತ್ತರ 4ರಿಂದ 5.5ರ ಒಳಗೆ ಬಂದರೆ ಚೆನ್ನ. 8×32, 8×40, 8×42, 7×35 ಎಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಕೈ, ಕೊರಳು, ಕನ್ನಡಕ

ತೂಕ: 10×50ಗಳು ಒಂದು ಕೆ.ಜಿ. ಹತ್ತಿರ ತೂಗುತ್ತವೆ. ಮೊದಲ ಐದು ನಿಮಿಷ ಗೊತ್ತಾಗಲ್ಲ, ಒಂದು ಗಂಟೆಯ ನಂತರ ಕತ್ತು ಹೇಳುತ್ತೆ! 8×42 ಸಾಮಾನ್ಯವಾಗಿ 600ರಿಂದ 800 ಗ್ರಾಂ. 8×32 ಇನ್ನೂ ಹಗುರ. ಕತ್ತು ನೋವು, ಭುಜದ ನೋವು ಇರುವವರು 8×32 ನೋಡಿ. ಹಾಗೆಂದು ಆಟಿಕೆಯಷ್ಟು ಹಗುರವಾದದ್ದು ಬೇಡ, ಅದು ಕೈಯಲ್ಲಿ ನಿಲ್ಲುವುದೇ ಇಲ್ಲ.

ಪಟ್ಟಿ: ಜೊತೆಗೆ ಬರುವ ತೆಳು ಪಟ್ಟಿ ಮಾಂಗಲ್ಯದ ಸರಕ್ಕೆ, ಜಡೆಗೆ ಸಿಕ್ಕಿಹಾಕಿಕೊಂಡು ಗೋಳು ಕೊಡುತ್ತೆ. ಅಗಲವಾದ ಮೆತ್ತನೆ ಪಟ್ಟಿ ಹಾಕಿಸಿ. ಎರಡೂ ಭುಜಕ್ಕೆ ಬರುವ, ಶಾಲೆಯ ಬ್ಯಾಗಿನಂಥ ಪಟ್ಟಿಯೂ ಸಿಗುತ್ತೆ. ಅದರಲ್ಲಿ ಭಾರವೆಲ್ಲ ಬೆನ್ನಿಗೆ ಹೋಗಿ ಕತ್ತು ನಿರಾಳ. ಸರವನ್ನು ಕುಪ್ಪಸದ ಒಳಗೆ ಸೇರಿಸಿಕೊಂಡರೆ ಗಾಜಿಗೂ ಗೀರು ಬೀಳಲ್ಲ.

ಕಣ್ಣಿನ ಅಂತರ: ಎರಡು ಕೊಳವೆಗಳನ್ನು ಮಡಿಸಿ ಹತ್ತಿರ ತಂದಾಗ ಎಷ್ಟು ಹತ್ತಿರ ಬರುತ್ತೆ ನೋಡಿ. ಚಿಕ್ಕ ಮುಖದವರಿಗೆ, ಮಕ್ಕಳಿಗೆ 56 ಮಿ.ಮೀ. ಅಥವಾ ಅದಕ್ಕಿಂತ ಹತ್ತಿರ ಬರಬೇಕು. ಬರದಿದ್ದರೆ ಎಷ್ಟೇ ಒಳ್ಳೆಯ ಕಂಪನಿಯದಾದರೂ ಎರಡು ವೃತ್ತ ಒಂದಾಗಿ ಕಾಣುವುದಿಲ್ಲ. ದಪ್ಪ ಬೈನಾಕ್ಯುಲರುಗಳಲ್ಲಿ ಈ ತೊಂದರೆ ಹೆಚ್ಚು.

ಕನ್ನಡಕ: ಕನ್ನಡಕ ತೆಗೆಯದೆ ನೋಡಬೇಕಾದರೆ ‘ಐ ರಿಲೀಫ್’ ಎಂದು ಬರೆದಿರುವುದು 15 ಮಿ.ಮೀ.ಗಿಂತ ಹೆಚ್ಚಿರಬೇಕು. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಕನ್ನಡಕದವರು ಒಳಗೆ ತಳ್ಳಬೇಕು ಅಥವಾ ಮಡಿಸಬೇಕು, ಕನ್ನಡಕ ಇಲ್ಲದವರು ಹೊರಗೆ ಎಳೆಯಬೇಕು. ‘ಕಪ್ಪು ಕಪ್ಪು ಕಾಣುತ್ತೆ’ ಅನ್ನುವವರಲ್ಲಿ ಹಲವರದು ಈ ಬಟ್ಟಲಿನ ಸಮಸ್ಯೆಯೇ!

ಅಂಗಡಿಯಲ್ಲಿ ಹತ್ತು ನಿಮಿಷ

ರೇಷ್ಮೆ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಲ್ಲಿ ಬಣ್ಣ ನೋಡುತ್ತೇವಲ್ಲ, ಬೈನಾಕ್ಯುಲರಿಗೂ ಅದೇ ನ್ಯಾಯ. ಟ್ಯೂಬ್‌ಲೈಟ್ ಕೆಳಗೆ ಗೋಡೆಯ ಕ್ಯಾಲೆಂಡರ್ ನೋಡಿ ಒಪ್ಪಬೇಡಿ. ಹೊರಗೆ ಬಂದು ಇವನ್ನು ಪರೀಕ್ಷಿಸಿ.

• ಎದುರು ಕಟ್ಟಡದ ಕಂಬ ಅಥವಾ ಬೋರ್ಡಿನ ಅಂಚು ನೋಡಿ. ಎರಡೆರಡಾಗಿ ಕಂಡರೆ, ಒಂದು ನಿಮಿಷಕ್ಕೇ ಕಣ್ಣು ಎಳೆದಂತಾದರೆ ಒಳಗಿನ ಗಾಜುಗಳು ಸಾಲಾಗಿಲ್ಲ ಎಂದು ಅರ್ಥ. ಬೇಡ.

• ನಗರದಲ್ಲಿ ಹದ್ದು, ಪಾರಿವಾಳ, ಕಾಗೆಗೆ ಬರವೇ? ಹಾರುತ್ತಿರುವ ಒಂದನ್ನು ಹಿಡಿದು ಹಿಂಬಾಲಿಸಿ. ಐದು ಸಲದಲ್ಲಿ ಮೂರು ಸಲವಾದರೂ ಸಿಗಬೇಕು.

• ಎದುರಿನ ಬೋರ್ಡಿನಿಂದ ಬೀದಿಯ ಕೊನೆಯ ಮರಕ್ಕೆ ಫೋಕಸ್ ಬದಲಿಸಿ. ಚಕ್ರ ಒಂದೇ ಬೆರಳಿಗೆ, ಒಂದೆರಡು ಎಳೆತಕ್ಕೆ ತಿರುಗಬೇಕು. ಬಿಗಿಯಾಗಿದ್ದರೆ ಹಾರುವ ಹಕ್ಕಿಗೆ ಆಗದು. ನಿಮ್ಮ ಬೆರಳು ಚಕ್ರಕ್ಕೆ ಆರಾಮವಾಗಿ ಎಟುಕುತ್ತದೆಯೇ ಅನ್ನುವುದನ್ನೂ ನೋಡಿ.

• ಮುಂದಿನ ಗಾಜನ್ನು ಓರೆಯಾಗಿ ನೋಡಿ. ತಿಳಿ ಹಸಿರು, ನೇರಳೆ ಛಾಯೆ ಇದ್ದರೆ ಒಳ್ಳೆಯದು. ಕನ್ನಡಿಯಂತೆ ಕೆಂಪಗೆ ಹೊಳೆಯುವ ‘ರೂಬಿ’ ಗಾಜು ನೋಡಲು ಚೆಂದ, ಆದರೆ ಕೆಂಪು ಬೆಳಕನ್ನು ಹೊರಗೇ ತಳ್ಳಿಬಿಡುತ್ತೆ. ಬಣ್ಣದ ಕೊಕ್ಕರೆಯ ಗುಲಾಬಿ ಬಣ್ಣವೇ ಕಾಣದಿದ್ದರೆ ಏನು ಚೆಂದ?

• ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಗಲಗಲ ಅಂದರೆ ಪಕ್ಕಕ್ಕಿಡಿ.

ದುಡ್ಡು ಎಷ್ಟಾಗುತ್ತೆ?

ಜಾತ್ರೆಯಲ್ಲಿ, ಪ್ರವಾಸಿ ತಾಣದ ಗೇಟಿನಲ್ಲಿ ಮಾರುವ ಸಾವಿರ ರೂಪಾಯಿಯದು ಮಕ್ಕಳ ಆಟಕ್ಕೆ ಸರಿ, ಕಣ್ಣಿಗೆ ಹಿಂಸೆ. ನಿಕಾನ್, ಬುಶ್‌ನೆಲ್, ಸೆಲೆಸ್ಟ್ರಾನ್ ಮುಂತಾದ ಹೆಸರಾಂತ ಕಂಪನಿಗಳ 8×40, 8×42ಗಳು ಸುಮಾರು ಎಂಟು-ಹತ್ತು ಸಾವಿರದಿಂದ ಶುರುವಾಗುತ್ತವೆ. ಒಂದು ಒಳ್ಳೆಯ ಮಿಕ್ಸಿಯ ಖರ್ಚು, ಚೀಟಿ ಹಣದಲ್ಲಿ ಆಗುವಂಥದ್ದೇ. ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಬಾಳುತ್ತೆ, ಮೊಮ್ಮಕ್ಕಳೂ ನೋಡಬಹುದು.

ಆಕಾರದಲ್ಲಿ ಎರಡು ಬಗೆ. ಮಧ್ಯದಲ್ಲಿ ಮಡಿಸಿದ ಮೊಣಕೈಯಂತೆ ಅಗಲವಾಗಿರುವುದು ‘ಪೋರೊ’. ಎರಡು ನೇರ ಕೊಳವೆಯಂತಿರುವುದು ‘ರೂಫ್’. ಕಡಿಮೆ ದುಡ್ಡಿನಲ್ಲಿ ಪೋರೊ ಹೆಚ್ಚು ಬೆಳಗಿದ ಚಿತ್ರ ಕೊಡುತ್ತೆ, ಆದರೆ ತೂಕ ಜಾಸ್ತಿ, ನೀರು-ತೇವ ತಡೆಯುವಂಥವು ಕಡಿಮೆ. ರೂಫ್ ಹಗುರ, ಕೈಗೆ ಒಪ್ಪುತ್ತೆ, ಅಷ್ಟೇ ಗುಣಮಟ್ಟಕ್ಕೆ ಸ್ವಲ್ಪ ಹೆಚ್ಚು ದುಡ್ಡು. ‘ಬಿಎಕೆ-4’ ಪ್ರಿಸಂ, ‘ಫುಲ್ಲಿ ಮಲ್ಟಿಕೋಟೆಡ್’ ಎಂದು ಬರೆದಿದ್ದರೆ ಒಳ್ಳೆಯದು. ಮುತ್ತು-ಹರಳಿನ ಒಡವೆಗೆ ನಾವು ಕೇಳಿರುವ ಸ್ವರೋವ್ಸ್ಕಿ ಹೆಸರಿನಲ್ಲಿ ಬೈನಾಕ್ಯುಲರೂ ಇದೆ. ಲಕ್ಷ ದಾಟುವ ಬೆಲೆ! ಅದು ಪಂಡಿತರಿಗಿರಲಿ.

ಮನೆಯಲ್ಲಿ ಹೊಂದಿಸಿಕೊಳ್ಳುವುದು ಹೀಗೆ

ಇದು ಎರಡು ನಿಮಿಷದ ಕೆಲಸ. ಆದರೆ ಇದನ್ನು ಮಾಡದೆ ಹೋದರೆ ದುಡ್ಡು ದಂಡ.

ಮೊದಲು, ಎರಡು ಕೊಳವೆಗಳನ್ನು ಮಡಿಸುತ್ತಾ ಬಿಚ್ಚುತ್ತಾ ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣುವಂತೆ ಮಾಡಿ.

ಎರಡನೆಯದು, ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ. ಎರಡೂ ಕಣ್ಣು ತೆರೆದಿರಲಿ. ದೂರದ ಯಾವುದಾದರೂ ಬೋರ್ಡಿನ ಅಕ್ಷರ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ.

ಮೂರನೆಯದು, ಈಗ ಎಡಗಡೆ ಮುಚ್ಚಿ. ಮಧ್ಯದ ಚಕ್ರ ಮುಟ್ಟಬೇಡಿ. ಬಲಗಣ್ಣಿನ ಬಳಿ ಇರುವ ಉಂಗುರವನ್ನು ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಕೆಲವು ಬೈನಾಕ್ಯುಲರುಗಳಲ್ಲಿ ಈ ಉಂಗುರ ಬೇರೆ ಕಡೆ ಇರುತ್ತೆ, ಜೊತೆಗೆ ಬರುವ ಚೀಟಿ ನೋಡಿ.

ಅಷ್ಟೆ! ಉಂಗುರದ ಗೆರೆ ಎಲ್ಲಿ ನಿಂತಿದೆ ಅಂತ ನೆನಪಿಟ್ಟುಕೊಳ್ಳಿ. ಅದು ನಿಮ್ಮ ನಂಬರು, ಚಪ್ಪಲಿ ನಂಬರಿನಂತೆ. ಬೇರೆಯವರ ಕೈಗೆ ಹೋಗಿ ಬಂದರೆ ಉಂಗುರವನ್ನು ನಿಮ್ಮ ಗೆರೆಗೆ ತಂದುಕೊಂಡರೆ ಆಯಿತು. ಆಮೇಲೆ ಮಧ್ಯದ ಚಕ್ರ ಮಾತ್ರ ಸಾಕು.

ಹಾರುವಾಗ ಹಿಡಿಯುವ ಬಗೆ

ಹೊಸಬರೆಲ್ಲ ಬೈನಾಕ್ಯುಲರನ್ನು ಕಣ್ಣಿಗಿಟ್ಟು ಆಕಾಶದಲ್ಲಿ ಹಕ್ಕಿ ಹುಡುಕುತ್ತಾರೆ. ಸಿಗೋದೇ ಇಲ್ಲ. ಮೊದಲು ಬರಿಗಣ್ಣಿನಿಂದ ಹಕ್ಕಿಯನ್ನು ನೋಡಿ. ಕಣ್ಣು ಅದರ ಮೇಲಿಂದ ಕೀಳಬೇಡಿ, ತಲೆ ಅಲ್ಲಾಡಿಸಬೇಡಿ. ಹಾಗೇ ಬೈನಾಕ್ಯುಲರನ್ನು ಕಣ್ಣಿಗೆ ಏರಿಸಿ. ಹಕ್ಕಿ ಅಲ್ಲೇ ಇರುತ್ತೆ!

ಮೊಣಕೈಗಳನ್ನು ಪಕ್ಕೆಗೆ ಆನಿಸಿಕೊಳ್ಳಿ. ಹಕ್ಕಿ ಸಾಗಿದಂತೆ ಬರೀ ಕತ್ತು ತಿರುಗಿಸದೆ ಸೊಂಟದಿಂದ ತಿರುಗಿ. ಸುತ್ತ ಕಲ್ಲು-ಮುಳ್ಳು ನೋಡಿಕೊಂಡು ನಿಲ್ಲಿ, ನೋಡುತ್ತಾ ನಡೆಯಬೇಡಿ. ಹಕ್ಕಿಗಳು ಬರುವ ದಾರಿ ಗೊತ್ತಾದ ಮೇಲೆ ಅಷ್ಟೇ ದೂರದ ಒಂದು ಕೊಂಬೆಗೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಿ. ಸೂರ್ಯ ಬೆನ್ನ ಹಿಂದಿರಲಿ. ಎಂಥ ಪರಿಸ್ಥಿತಿಯಲ್ಲೂ ಬೈನಾಕ್ಯುಲರಿನಿಂದ ಸೂರ್ಯನನ್ನು ನೋಡಬಾರದು, ಕಣ್ಣೇ ಹೋಗಬಹುದು. ಹಕ್ಕಿ ಸೂರ್ಯನತ್ತ ಹಾರಿದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ.

ಅಭ್ಯಾಸಕ್ಕೆ ಬೆಳ್ಳೂರಿಗೇ ಹೋಗಬೇಕಿಲ್ಲ. ಟೆರೇಸ್ ಮೇಲೆ ಬಟ್ಟೆ ಒಣಹಾಕಲು, ಸಂಡಿಗೆ ಕಾಯಲು ಹೋದಾಗ ದಿನಾ ಹತ್ತು ನಿಮಿಷ ಹದ್ದು-ಕಾಗೆಗಳ ಮೇಲೆ ಕೈ ಪಳಗಿಸಿ. ಹತ್ತು ದಿನದಲ್ಲಿ ಯಜಮಾನರಿಗೇ ನೀವು ಹೇಳಿಕೊಡುವಂತಾಗುತ್ತೀರಿ.

ಯಾವ ಹಕ್ಕಿ? ಕೊರಳು ನೋಡಿ

ಹೆಜ್ಜಾರ್ಲೆ ಹಾರುವಾಗ ಕೊರಳನ್ನು ಹಿಂದಕ್ಕೆಳೆದು ತಲೆಯನ್ನು ಭುಜದ ಮೇಲಿಟ್ಟುಕೊಂಡಂತೆ ಹಾರುತ್ತೆ. ನಾಲ್ಕಾರು ಸಲ ರೆಕ್ಕೆ ಬಡಿದು ತೇಲುತ್ತೆ. ಕೊಕ್ಕಿನ ಕೆಳಗಿನ ಚೀಲ ನೋಡಿದರೆ ಅನುಮಾನವೇ ಉಳಿಯದು. ಬಣ್ಣದ ಕೊಕ್ಕರೆ ಕೊರಳನ್ನೂ ಕಾಲನ್ನೂ ಉದ್ದಕ್ಕೆ ಚಾಚಿ ಹಾರುತ್ತೆ. ಹಳದಿ ಕೊಕ್ಕು, ಎದೆಯ ಮೇಲೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಬೆಳ್ಳಕ್ಕಿ, ಬಕಗಳು ಕೊರಳನ್ನು ಮಡಿಸಿಕೊಂಡು, ಕಾಲು ಮಾತ್ರ ಹಿಂದೆ ಚಾಚುತ್ತವೆ. ನೀರುಕಾಗೆ ಕೊರಳು ಚಾಚಿ ಪಟಪಟ ರೆಕ್ಕೆ ಬಡಿಯುತ್ತೆ.

ಬೆಳಿಗ್ಗೆ ಬಿಸಿಲೇರಿ ನೆಲ ಕಾದ ಮೇಲೆ ದೊಡ್ಡ ಹಕ್ಕಿಗಳು ಮೇಲೇಳುವ ಬಿಸಿಗಾಳಿಯಲ್ಲಿ ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತವೆ. ಸುತ್ತಲ ಕೆರೆಗಳಿಗೆ ಮೀನು ತರಲು ಹೊರಟಿರುತ್ತವೆ. ಅಗಲ ನೋಟದ ಬೈನಾಕ್ಯುಲರಿನಲ್ಲಿ ಈ ದೃಶ್ಯ ನೋಡಿದರೆ ಸಾಕು, ಕೊಟ್ಟ ದುಡ್ಡು ಬಂದಂತೆ.

ತವರಿನ ಮರ್ಯಾದೆ

ಹಾರುವುದನ್ನು ನೋಡಬೇಕು ಅಂತ ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಹಾರ್ನ್ ಹೊಡೆಯುವುದು ಖಂಡಿತ ಬೇಡ. ತಾಯಿ ಎದ್ದುಹೋದರೆ ಬರಿಮೈ ಮರಿ ಸುಡುಬಿಸಿಲಿಗೆ ಬೀಳುತ್ತೆ, ಮೊಟ್ಟೆಗೆ ಕಾಗೆ ಕಾದಿರುತ್ತೆ. ಬಾಣಂತಿ ಕೋಣೆಯ ಬಾಗಿಲು ಬಡಿಯುತ್ತೇವೆಯೇ? ದೂರ ನಿಂತು ನೋಡಲೆಂದೇ ಅಲ್ಲವೇ ಬೈನಾಕ್ಯುಲರ್ ಇರುವುದು. ಅವು ತಾವಾಗಿಯೇ ದಿನವಿಡೀ ಹೋಗಿ ಬಂದು ಮಾಡುತ್ತವೆ, ತಾಳ್ಮೆಯಿಂದ ಕಾಯಿರಿ.

ಗೂಡಿನ ನೇರ ಕೆಳಗೆ ನಿಲ್ಲಬೇಡಿ (ಸೀರೆಗೂ ಒಳ್ಳೆಯದಲ್ಲ!). ಮರಗಳು ಇರುವುದು ಜನರ ಅಂಗಳದಲ್ಲಿ. ಹಕ್ಕಿಯ ನೆಪದಲ್ಲಿ ಬೈನಾಕ್ಯುಲರನ್ನು ಅವರ ಹಿತ್ತಿಲು, ಬಾಗಿಲುಗಳತ್ತ ತಿರುಗಿಸಬೇಡಿ. ಒಳಗೆ ಹೋಗುವ ಮುನ್ನ “ಅಕ್ಕಾ, ಇಲ್ಲಿ ನಿಂತು ನೋಡ್ಲಾ?” ಅಂತ ಒಂದು ಮಾತು ಕೇಳಿ. ಬೇಡ ಅನ್ನುವವರು ಕಡಿಮೆ. ಪ್ಲಾಸ್ಟಿಕ್ ಕವರು, ಬಾಟ್ಲು ವಾಪಸ್ ತನ್ನಿ. 2017ರ ಕೊನೆ ಮತ್ತು 2018ರಲ್ಲಿ ಇಲ್ಲಿ ಹಲವಾರು ಹೆಜ್ಜಾರ್ಲೆಗಳು ಹೊಟ್ಟೆಯ ಜಂತುಹುಳುವಿನ ಬಾಧೆಯಿಂದ ಸತ್ತಾಗ ಊರೇ ಮಂಕಾಗಿತ್ತು. ಇರುವ ಹಕ್ಕಿಗಳನ್ನು ಕಾಯುವುದು ನೋಡುವವರ ಕೆಲಸವೂ ಹೌದು.

ಜೋಪಾನ ಹೇಗೆ?

ಗಾಜನ್ನು ಸೀರೆ ಸೆರಗಿನಿಂದ, ದುಪಟ್ಟಾದಿಂದ ಒರೆಸಬೇಡಿ. ಧೂಳಿನ ಕಣ ಗಾಜನ್ನು ಗೀರುತ್ತೆ. ಮೊದಲು ಗಾಳಿ ಪಂಪಿನಿಂದ ಅಥವಾ ಮೆತ್ತನೆ ಬ್ರಷ್‌ನಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮಳೆಗಾಲದಲ್ಲಿ ಒದ್ದೆ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತರೆ ಒಳಗೆ ಬೂಷ್ಟು ಹಿಡಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿ-ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಿ. ಪೊಟ್ಟಣಗಳು ಪುಟ್ಟ ಮಕ್ಕಳ ಕೈಗೆ ಸಿಗದಿರಲಿ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಪ್ರ: ಜೂಮ್ ಬೈನಾಕ್ಯುಲರ್ ಒಳ್ಳೆಯದಲ್ಲವೇ? ಒಂದೇ ದುಡ್ಡಿಗೆ 8ರಿಂದ 24 ಪಟ್ಟು ಸಿಗುತ್ತಲ್ಲ?
ಉ: ಹಾರುವ ಹಕ್ಕಿಗೆ ಬೇಡವೇ ಬೇಡ. ನೋಟ ಕಿರಿದು, ಬೆಳಕು ಕಡಿಮೆ, ತೂಕ ಹೆಚ್ಚು. ಪಟ್ಟು ಹೆಚ್ಚಿಸಿದಾಗ ನಡುಕವೂ ಹೆಚ್ಚು.

ಪ್ರ: ನನಗೆ ಮೈನಸ್ ಪವರ್ ಇದೆ. ಕನ್ನಡಕ ತೆಗೆದು ನೋಡಬಹುದೇ?
ಉ: ಬರೀ ಮೈನಸ್ ಅಥವಾ ಪ್ಲಸ್ ಆದರೆ ಸಾಮಾನ್ಯವಾಗಿ ಫೋಕಸ್ ಚಕ್ರವೇ ಸರಿಮಾಡುತ್ತೆ. ‘ಸಿಲಿಂಡರ್’ ಪವರ್ ಇದ್ದರೆ ಕನ್ನಡಕ ಹಾಕಿಕೊಂಡೇ ನೋಡಿ. ಓದುವ ಭಾಗವೂ ಇರುವ ಕನ್ನಡಕವಾದರೆ ಮೇಲಿನ, ದೂರ ನೋಡುವ ಭಾಗದಿಂದ ನೋಡಿ.

ಪ್ರ: ಫೋನಿನಲ್ಲೇ ಜೂಮ್ ಇದೆಯಲ್ಲ, ಬೈನಾಕ್ಯುಲರ್ ಯಾಕೆ?
ಉ: ಫೋನಿನ ಪರದೆಯಲ್ಲಿ ಹಾರುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಕೆರೆ ತಲುಪಿರುತ್ತೆ. ಎರಡೂ ಕಣ್ಣಿನಿಂದ ನೋಡುವ ಸುಖವೇ ಬೇರೆ.

ಪ್ರ: ಎಂಟು ವರ್ಷದ ಮಗಳಿಗೆ ಯಾವುದು?
ಉ: ಹಗುರವಾದ, ಕೊಳವೆಗಳು ಚೆನ್ನಾಗಿ ಹತ್ತಿರ ಬರುವ 6 ಅಥವಾ 7-8 ಪಟ್ಟಿನದು. 30 ಮಿ.ಮೀ. ಆಸುಪಾಸಿನ ಗಾಜು ಸಾಕು.

ಅಂಗಡಿಗೆ ಹೋಗುವ ಮುನ್ನ ಚೀಟಿಯಲ್ಲಿ ಬರೆದುಕೊಳ್ಳಿ

8 ಪಟ್ಟು. ಗಾಜು 32ರಿಂದ 42. ನೋಟ 7 ಡಿಗ್ರಿಗಿಂತ ಹೆಚ್ಚು. ತೂಕ 800 ಗ್ರಾಂ ಒಳಗೆ. ಕನ್ನಡಕವಿದ್ದರೆ ಐ ರಿಲೀಫ್ 15 ಮಿ.ಮೀ.ಗಿಂತ ಹೆಚ್ಚು. ಕೊಳವೆಗಳ ಅಂತರ 56 ಮಿ.ಮೀ.ವರೆಗೆ ಇಳಿಯಬೇಕು. ಎಲ್ಲಕ್ಕಿಂತ ಮುಖ್ಯ, ಬಿಲ್ ಮಾಡಿಸುವ ಮೊದಲು ನಿಮ್ಮದೇ ಕಣ್ಣಿಗಿಟ್ಟು ಒಂದು ಹಾರುವ ಕಾಗೆಯನ್ನಾದರೂ ನೋಡಿರಬೇಕು.

ಮುಂದಿನ ಸಲ ಮೈಸೂರಿಗೆ ಹೊರಟಾಗ ಬೆಳಿಗ್ಗೆ ಒಂದು ಗಂಟೆ ಬೇಗ ಎದ್ದುಬಿಡಿ. ನಿಡಘಟ್ಟದ ಹತ್ತಿರ ಇಳಿದು ಬೆಳ್ಳೂರು ನೋಡಿಕೊಂಡೇ ಹೋಗಿ. ತಿಂಡಿ ಡಬ್ಬಿ ಸ್ವಲ್ಪ ಹೊತ್ತು ಯಜಮಾನರ ಕೈಯಲ್ಲಿರಲಿ, ಬೈನಾಕ್ಯುಲರ್ ನಿಮ್ಮ ಕೈಯಲ್ಲಿರಲಿ!